ಕೌದಿಯ ನಾಲ್ಕನೇ ಮೂಲೆ

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಹಿಂದಿನಿಂದ ಕೂಗಿ ಕರೆಯಬಾರದು. ಅವರು ಊರು ಮುಟ್ಟುವ ತನಕ ಮನೆಯ ಕಸ ಹೊಡೆಯಬಾರದು. ಈ ಮೂರರಲ್ಲಿ ಮೊದಲನೆಯದನ್ನು ಭೀಮವ್ವ ಆರು ತಿಂಗಳಿಂದ ಹೊತ್ತು ಗೊತ್ತಿಲ್ಲದೆ ಮುರಿಯುತ್ತ ಬಂದಿದ್ದಳು. ಉಳಿದ ಎರಡನ್ನಾದರೂ ಕಾಯೋಣ ಎಂದು, ಮಗಳು ಸಪ್ನಾ ಬೆನ್ನಿಗೆ ಚೀಲ ಏರಿಸಿ ಮೆಟ್ಟಿಲು ಇಳಿಯುವಾಗ, ಕಸಬರಿಗೆಯನ್ನು ಬಾಗಿಲ ಹಿಂದಕ್ಕೆ ಸರಿಸಿ, ಬಾಯಿಗೆ ಸೆರಗು ಒತ್ತಿ ಸುಮ್ಮನೆ ನಿಂತಳು.

ಸಪ್ನಾ ಹೊರಟಿದ್ದು ಟಾಂಜಾನಿಯಾಕ್ಕೆ. ಪುಣೆಯ ಶಿವಾಜಿನಗರದ ಕಾಲೇಜೊಂದರಲ್ಲಿ ಸಮಾಜಕಾರ್ಯ ಓದುತ್ತಿದ್ದ ಆರು ಮಂದಿಯನ್ನು ಆರಿಸಿ, ಅಲ್ಲಿನ ಗುಡ್ಡದ ಹಳ್ಳಿಯೊಂದಕ್ಕೆ ಮೂರು ತಿಂಗಳ ಸೇವೆಗೆ ಕಳಿಸುತ್ತಿದ್ದರು. ಊರವರ ಮನೆಯಲ್ಲೇ ಇರಬೇಕು, ಅವರು ಉಂಡದ್ದನ್ನೇ ಉಣ್ಣಬೇಕು, ಅವರ ಜೊತೆ ಸೇರಿ ಶಾಲೆಗೆ ನೀರಿನ ತೊಟ್ಟಿ ಕಟ್ಟಬೇಕು. ಚಿಂಚವಾಡದಲ್ಲಿ ನಟ್ಟು ಬೋಲ್ಟಿನ ಅಂಗಡಿ ಇಟ್ಟ ಶಿವರುದ್ರಪ್ಪನ ಒಬ್ಬಳೇ ಮಗಳು, ಮನೆಯಲ್ಲಿ ಒಂದು ಕೊಡ ನೀರು ಎತ್ತಿಟ್ಟವಳಲ್ಲ, ಆಫ್ರಿಕಾದ ಮಂದಿಗೆ ನೀರು ಕೊಡಲು ಹೊರಟಿದ್ದಾಳೆ ಎಂದು ಭೀಮವ್ವ ಗಲ್ಲಿಯಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಳು. ಒಳಗೆ ಬಂದು ಅತ್ತಿದ್ದಳು.

ತಡೆಯಲು ಅವಳು ಮಾಡದ ಉಪಾಯವಿಲ್ಲ. ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸ್ ಮನೆಗೆ ಬರುವ ದಿನವೇ ಸೊಲ್ಲಾಪುರದಿಂದ ವರನ ಕಡೆಯವರನ್ನು ಕರೆಸಿದಳು. ಸೋಫಾದ ಮೇಲೆ ಕೂತ ಪೊಲೀಸನನ್ನು ನೋಡಿ ಬೀಗರಾಗಬೇಕಾದವರು ಅವಲಕ್ಕಿ ಅರ್ಧಕ್ಕೆ ಬಿಟ್ಟು ಎದ್ದು ಹೋದರು. ಪೊಲೀಸ್ ಮಾತ್ರ ಎರಡು ಸಲ ಹಾಕಿಸಿಕೊಂಡ. ಆಮೇಲೆ ಟಿಕೆಟ್ ಕೈಗೆ ಬಂದ ದಿನ, ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಉರುಳಿಬಿಟ್ಟಳು. ಗಾಬರಿಯಿಂದ ಆಸ್ಪತ್ರೆಗೆ ಒಯ್ದರು. ಯಂತ್ರ ಹಚ್ಚಿ ನೋಡಿದ ಡಾಕ್ಟರು, ಈ ಎದೆ ಇನ್ನೂ ನಲವತ್ತು ವರ್ಷ ಬಾಳುತ್ತದೆ ಎಂದು ಹೇಳಿ ಕಳಿಸಿದರು. ವಾಪಸು ಬಂದಾಗ ಸಪ್ನಾ ಮನೆಯ ಹೊಸ್ತಿಲ ಮೇಲೆ ನಿಂತು ಹೇಳಿದಳು.

"ಅವ್ವಾ, ಇನ್ನೊಮ್ಮೆ ಹಿಂಗ ಮಾಡಿದಿ ಅಂದ್ರ, ಖರೇನ ಎದಿ ನೋವು ಬಂದ್ರೂ ನಾ ತಿರುಗಿ ನೋಡಂಗಿಲ್ಲ."

ಆ ಮಾತು ಭೀಮವ್ವನಿಗೆ ನಾಟಿತು. ಆ ದಿನದಿಂದ ಅವಳು ಅಡ್ಡ ಬರಲಿಲ್ಲ. ಆದರೆ ಕೈ ಸುಮ್ಮನಿರಬೇಕಲ್ಲ. ಸಜ್ಜೆ ರೊಟ್ಟಿ ತಟ್ಟಿ ಒಣಗಿಸಿದಳು, ಶೇಂಗಾ ಚಟ್ನಿ ಕುಟ್ಟಿದಳು, ಗುರೆಳ್ಳು ಹುರಿದಳು. ಸಪ್ನಾ ಒಂದನ್ನೂ ಮುಟ್ಟಲಿಲ್ಲ. ಮನೆಯ ತಿಂಡಿ ಒಯ್ಯುವಂತಿಲ್ಲ, ಅದು ನಿಯಮ. ಹೋದ ವರ್ಷ ಯಾರದೋ ತಾಯಿ ಮಗನ ಚೀಲದಲ್ಲಿ ಹೇಳದೆ ಇಟ್ಟ ಔಷಧಿಯ ಪುಡಿಯಿಂದಾಗಿ ಇಡೀ ತಂಡ ವಿಮಾನ ನಿಲ್ದಾಣದಲ್ಲಿ ಅರ್ಧ ದಿನ ಪರದಾಡಿತ್ತಂತೆ. ತಂಡದ ಮುಖ್ಯಸ್ಥರಾದ ಅವಧೂತ ಸರ್ ಈ ಸಲ ತಂದೆ ತಾಯಂದಿರನ್ನೆಲ್ಲ ಕರೆಸಿ, ಕೈ ಮುಗಿದು, ಕಡ್ಡಿ ಮುರಿದಂತೆ ಹೇಳಿದ್ದರು: ತಾನು ಇಟ್ಟುಕೊಳ್ಳದ ಒಂದು ವಸ್ತು ಚೀಲದಲ್ಲಿ ಸಿಕ್ಕರೂ ಆ ಹುಡುಗ ಅಥವಾ ಹುಡುಗಿ ಅಲ್ಲಿಂದಲೇ ಮನೆಗೆ. ಜಾಗ ತುಂಬಲು ದೀಪಾಲಿ ಎಂಬ ಹುಡುಗಿ ವೀಸಾ ಮಾಡಿಸಿಕೊಂಡು ತಯಾರಾಗಿಯೇ ಇದ್ದಳು. ಎಲ್ಲ ತಾಯಂದಿರಿಗಿಂತ ಜೋರಾಗಿ ತಲೆ ಆಡಿಸಿದ್ದು ಭೀಮವ್ವನೇ.

ಸಪ್ನಾ ಕನ್ನಡಿಯ ಮುಂದೆ ನಿಂತು ಭಾಷಣ ರೂಢಿ ಮಾಡುತ್ತಿದ್ದಳು. "ಅವರಿಗೆ ಏನು ಬೇಕು ಅಂತ ಮೊದಲ ಅವರನ್ನ ಕೇಳಬೇಕು. ನಮಗ ತಿಳಿದಿದ್ದು ತಗೊಂಡು ಹೋಗಿ ಸುರಿಯೂದು ಸೇವಾ ಅಲ್ಲ." ಒಲೆಯ ಮುಂದೆ ಕೂತ ಭೀಮವ್ವನಿಗೆ ಇದು ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದೆಲ್ಲ ತಲೆಗೆ ಇಳಿಯಬೇಕೆಂದು ಎಲ್ಲಿದೆ?

ಕೊನೆಗೆ ಸಪ್ನಾ ತಾಯಿಯ ಕೈಯಿಂದ ಒಂದನ್ನು ಮಾತ್ರ ಒಪ್ಪಿಕೊಂಡಳು. ಅದು ಕೌದಿ. ಭೀಮವ್ವನ ಮದುವೆಯ ಇಳಕಲ್ ಸೀರೆ, ಶಿವರುದ್ರಪ್ಪನ ಹಳೆ ಧೋತರ, ಸಪ್ನಾಳ ಶಾಲೆಯ ಅಂಗಿ, ಎಲ್ಲ ತುಂಡು ಜೋಡಿಸಿ ಹೊಲಿದ ಸಣ್ಣ ಹೊದಿಕೆ. "ಇದು ಇರಲಿ ಅವ್ವಾ, ನಿನ್ನ ವಾಸನಿ ಅದ ಇದಕ್ಕ," ಎಂದು ಮಗಳು ಮೂಗಿಗೆ ಹಿಡಿದಾಗ ಭೀಮವ್ವ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಭೀಮವ್ವನ ತವರಿನಲ್ಲಿ ಕೌದಿಯ ಮೂಲೆಯನ್ನು ಬರಿದಾಗಿ ಮುಚ್ಚುವುದಿಲ್ಲ. ಮೂರು ಮೂಲೆ ಹೊಲಿದು, ನಾಲ್ಕನೆಯದಕ್ಕೆ ನಾಲ್ಕು ಜೋಳದ ಕಾಳು ಹಾಕಿ ಟಾಕು ಹಾಕುತ್ತಾರೆ. ಹೊದ್ದವರ ಹೊಟ್ಟೆ ಖಾಲಿ ಇರಬಾರದೆಂದು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾಲ್ಕು ಕಾಳಿನಿಂದ ಯಾವ ತಾಯಿಯ ಸಮಾಧಾನವಾದೀತು? ಪರದೇಶದ ನೀರು, ಮಗಳದು ಮೊದಲೇ ಸೂಕ್ಷ್ಮ ಹೊಟ್ಟೆ. ಹೊಟ್ಟೆ ಕೆಟ್ಟಾಗಲೆಲ್ಲ ಭೀಮವ್ವ ಕಸಕಸಿ ಅರೆದು ಕುಡಿಸಿ ಬೆಳೆಸಿದ್ದಳು. ಆದ್ದರಿಂದ ಎರಡು ಹಿಡಿ ಕಸಕಸಿಯನ್ನು ತೆಳ್ಳನೆಯ ಅರಿವೆಯ ಚೀಲಕ್ಕೆ ಹಾಕಿ, ಕೈಗೆ ಹತ್ತದಂತೆ ಚಪ್ಪಟೆ ಮಾಡಿ, ನಾಲ್ಕನೇ ಮೂಲೆಯ ಪದರಗಳ ನಡುವೆ ಇಟ್ಟು ಹೊಲಿದಳು. ಮಗಳಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಸಪ್ನಾ ಅಪ್ಪನ ಜೊತೆ ಶಿವಾಜಿನಗರಕ್ಕೆ ಹೋಗಿ ತಾಸಾಗಿತ್ತು. ಕಾಲೇಜಿನಲ್ಲಿ ಬೀಳ್ಕೊಡುಗೆ, ಅಲ್ಲಿಂದ ಬಸ್ಸಿನಲ್ಲಿ ಮುಂಬೈ, ಅಲ್ಲಿಂದ ವಿಮಾನ. ಭೀಮವ್ವ ಕಸ ಹೊಡೆಯದ ಮನೆಯಲ್ಲಿ ಕೂತು ಮಗಳು ಬಿಟ್ಟುಹೋದ ಚಹಾದ ಕಪ್ಪನ್ನು ನೋಡುತ್ತಿದ್ದಾಗ ಫೋನ್ ಬಂತು. ತಮ್ಮ ಮಾಂತು. ಎಂಟು ವರ್ಷ ಗಲ್ಫಿನಲ್ಲಿ ಕ್ರೇನ್ ಓಡಿಸಿ ಬಂದು, ಈಗ ಕುರಕುಂಭದಲ್ಲಿ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಅದೇ ಕೆಲಸಕ್ಕಿದ್ದ.

"ಹೊಂಟ್ಳೇನಕ್ಕಾ ಸಪ್ನಾ?"

"ಹೊಂಟ್ಳಪಾ. ಒಂದು ರೊಟ್ಟಿ ಚೂರೂ ಒಯ್ಯಲಿಲ್ಲ. ಆದ್ರ ನಾ ಏನ್ ಬಿಡಾಕಿ ಏನು? ಕೌದಿ ಮೂಲ್ಯಾಗ ಕಸಕಸಿ ಇಟ್ಟು ಹೊಲದೀನಿ. ಆಕಿಗೂ ಗೊತ್ತಿಲ್ಲ. ಹೊಟ್ಟಿ ಕೆಟ್ಟದ ಅಂತ ಫೋನ್ ಮಾಡ್ತಾಳಲ್ಲ, ಆವಾಗ ಹೇಳ್ತೀನಿ, ಮೂಲಿ ಬಿಚ್ಚವ್ವಾ ಅಂತ."

ಮಾಂತು ಯಂತ್ರದ ಗಡಗಡ ಸದ್ದಿನಿಂದ ದೂರ ಸರಿದು ಕೇಳಿದ.

"ಅಕ್ಕಾ, ವಿಮಾನ ನಡುವ ಎಲ್ಲಿ ನಿಂದರತದ?"

"ನೀ ಇದ್ದಿ ನೋಡು, ಆ ಕಡೀನ. ಗಲ್ಫಿನಾಗ. ಒಂದು ರಾತ್ರಿ ಹೊಟೇಲದಾಗ ಇರತಾರಂತ. ಯಾಕ?"

"ಅಯ್ಯ ಅಕ್ಕಾ, ಏನ್ ಮಾಡಿದಿ!" ಮಾಂತು ಕೂಗಿದ. "ಅಲ್ಲಿ ಕಸಕಸಿ ಅಂದ್ರ ಅಫೀಮಿನ ಬೀಜ. ಗಾಂಜಾ ಹಿಡದಂಗ ಹಿಡೀತಾರ. ನನ್ನ ಖೋಲ್ಯಾಗ ಬೀದರ ಕಡೆ ಹುಡುಗ ಒಬ್ಬ ಇದ್ದ. ಅವರವ್ವ ಮಸಾಲಿ ಡಬ್ಬ್ಯಾಗ ಒಂದು ಪುಡಿಕಿ ಇಟ್ಟು ಕಳಿಸಿದ್ಳು, ಏರ್‌ಪೋರ್ಟಿನಿಂದ ಸೀದಾ ಜೈಲಿಗೆ ಒಯ್ದ್ರು. ಅವ ಹೊರಗ ಬರೂದ್ರಾಗ ಆ ಮುದುಕಿ ಸತ್ತ ಹೋಗಿತ್ತು. ನೀ ನೋಡಿದ್ರ ಹೊಲದು ಮುಚ್ಚಿಟ್ಟೀದಿ. ಕದ್ದು ಒಯ್ಯಾಕ್ಹತ್ಯಾಳ ಅಂತಾರ. ಆಕಿಗೆ ಗೊತ್ತಿಲ್ಲ ಅಂದ್ರ ಯಾರ ಕೇಳತಾರ ಅಲ್ಲಿ? ಫೋನ್ ಇಡು, ಮೊದಲ ಅದನ್ನ ತಗಸು!"

ಕಸಕಸಿ ಅಂದರೆ ಭೀಮವ್ವನ ಪಾಲಿಗೆ ಹಬ್ಬದ ಪಾಯಸ, ದೀಪಾವಳಿಗೆ ಕರಿದ ಅನಾರಸದ ಮೇಲಿನ ಬಿಳಿ ಕಾಳು, ಕೂಸಿನ ನಿದ್ದೆ. ಕಿರಾಣಿ ಅಂಗಡಿಯಲ್ಲಿ ಗೋಡಂಬಿಯ ಪಕ್ಕ ಇಟ್ಟು ಮಾರುವ ಪದಾರ್ಥಕ್ಕೆ ಜೈಲಿಗೆ ಹಾಕುವ ದೇಶವಿದೆ ಎಂದು ಯಾರು ಕನಸು ಕಾಣಬೇಕು? ಮಗಳ ಕೈಗೆ ಬೇಡಿ ಬಿದ್ದಂತೆ, ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಅವಳ ಮೇಲೆ ಚೀರಿದಂತೆ ಕಣ್ಣಿಗೆ ಕಟ್ಟಿತು.

ಹೊರಟವರನ್ನು ಹಿಂದಿನಿಂದ ಕರೆಯಬಾರದು. ಒಂದು ಗಳಿಗೆ ಅವಳ ಬೆರಳು ಫೋನಿನ ಮೇಲೆ ನಿಂತೇ ಇತ್ತು. ಆಮೇಲೆ ಶಾಸ್ತ್ರವನ್ನು ಮೂಲೆಗೆ ತಳ್ಳಿ ಒತ್ತಿದಳು. ಸಪ್ನಾ ಕಟ್ ಮಾಡಿದಳು. ಮತ್ತೆ ಒತ್ತಿದಳು, ಮತ್ತೆ ಕಟ್. ಮೂರನೆಯ ಸಲಕ್ಕೆ ಫೋನೇ ಬಂದ್ ಆಗಿತ್ತು. ಗಂಡನಿಗೆ ಹಚ್ಚಿದಳು. ಹಿಂದೆ ಚಪ್ಪಾಳೆಯ ಸದ್ದು.

"ರೀ, ಆಕಿ ಬಸ್ ಹತ್ತಬಾರ್ದು..."

"ಈಗ ಏನು? ಮತ್ತ ಎದಿ ನೋವೇನು?" ಎಂದು ಶಿವರುದ್ರಪ್ಪ ಹಲ್ಲು ಕಚ್ಚಿ ಕೇಳಿದ. "ಮಂದ್ಯಾಗ ಮಾನಾ ಕಳೀಬ್ಯಾಡ. ಪೋರಿ ನಿನ್ನ ಫೋನ್ ನೋಡಿ ಕಣ್ಣಾಗ ನೀರು ತಂದಾಳ." ಫೋನ್ ಇಟ್ಟುಬಿಟ್ಟ.

ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆಯನ್ನು ಮಗಳಿಗೆ ಹೇಳಿ ಉಣಿಸಿದವಳು ಭೀಮವ್ವನೇ. ಈಗ ಖರೇ ತೋಳ ಬಂದಿತ್ತು, ಕೇಳುವ ಕಿವಿ ಒಂದೂ ಇರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದರೆ ಇದೇ. ಆದರೆ ಇಲ್ಲಿ ಮಾಡಿದವಳು ಒಬ್ಬಳು, ಉಣ್ಣಬೇಕಾದವಳು ಇನ್ನೊಬ್ಬಳು.

ಎರಡನೆಯ ಸಲ ಗಂಡ ಫೋನ್ ಎತ್ತಿದಾಗ ಧ್ವನಿ ಸ್ವಲ್ಪ ಇಳಿದಿತ್ತು. "ಬಸ್ ಹೋತು. ಈಗರ ಆರಾಮ ಆತಿಲ್ಲ ನಿನಗ? ಚಿಂಚವಾಡ ಸ್ಟೇಷನ್ ಚೌಕದಾಗ ಅಮೇಯ ಅನ್ನೂ ಹುಡುಗನ್ನ ಹತ್ತಿಸಿಕೊಂಡು ಹಂಗ ಮುಂದ ಹೋಗತದ. ನಾ ಲೋಕಲ್ ಹಿಡದು ಬರ್ತೀನಿ."

ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಶಿವರುದ್ರಪ್ಪ ತಕ್ಕಡಿಯಂಥ ಮನುಷ್ಯ. ವಿಷಯ ಕಿವಿಗೆ ಬಿದ್ದ ಕೂಡಲೇ ಅವಧೂತ ಸರ್‌ಗೆ ಫೋನ್ ಮಾಡುತ್ತಾನೆ. ಸರ್ ಬಸ್ ನಿಲ್ಲಿಸಿ ಸಪ್ನಾಳನ್ನು ಇಳಿಸುತ್ತಾರೆ. ಎರಡು ವರ್ಷ ರಾತ್ರಿ ಹಗಲು ಅದನ್ನೇ ಉಸಿರಾಡಿದ ಹುಡುಗಿ ಚೀಲ ಹೊತ್ತು ಮನೆಗೆ ಬರುತ್ತಾಳೆ, ದೀಪಾಲಿ ವಿಮಾನ ಹತ್ತುತ್ತಾಳೆ. ಮೊದಲಾದರೆ ಅದೇ ಬೇಕಿತ್ತು ಭೀಮವ್ವನಿಗೆ. ಹರಕೆ ಹೊತ್ತಿದ್ದೂ ಅದಕ್ಕೇ. ಈಗ ಕೈಗೆ ಸಿಗುವಂತಿತ್ತು, ಆದರೆ ಅದನ್ನು ನೆನೆದರೇ ನಾಚಿಕೆ ಬಂತು. ಮಗಳು ಜೈಲಿಗೂ ಹೋಗಬಾರದು, ಮನೆಗೂ ಬರಬಾರದು. ಕೌದಿ ಮಾತ್ರ ಬರಬೇಕು.

ಚಪ್ಪಲಿ ಮೆಟ್ಟಿ ಓಡಿದಳು. ಬಾಗಿಲಿಗೆ ಕೀಲಿ ಹಾಕಿದಳೋ ಇಲ್ಲವೋ ಎಂಬುದು ರಿಕ್ಷಾ ಹತ್ತಿದ ಮೇಲೆ ನೆನಪಾಯಿತು, ಹಾಳಾಗಿ ಹೋಗಲಿ ಎಂದುಕೊಂಡಳು. "ಭಾವೂ, ಸ್ಟೇಷನ್ ಚೌಕ, ಲವಕರ!" ಎಂದು ಮರಾಠಿಯಲ್ಲಿ ಅವಸರಪಡಿಸಿದಳು. ರಿಕ್ಷಾದವ ನಿಧಾನಿ. ಮೆಟ್ರೊ ಕೆಲಸಕ್ಕೆ ಅಗೆದ ರಸ್ತೆಯಲ್ಲಿ ಟ್ರಕ್ಕಿನ ಹಿಂದೆ ಟ್ರಕ್ಕು ನಿಂತಿದ್ದವು. ಒಂದು ಕಡೆ ಜೆಸಿಬಿ ಅಡ್ಡ ತಿರುಗಿತ್ತು. ಶಿವಾಜಿನಗರದಿಂದ ಬರುವ ಪ್ರತಿ ಬಸ್ಸೂ ಅವಳ ಕಣ್ಣಿಗೆ ಮಗಳ ಬಸ್ಸಾಗಿಯೇ ಕಾಣಿಸಿತು. ಒಂದು ಬಿಳಿ ಬಸ್ಸು ಆ ಬದಿಯಿಂದ ಭರ್ರನೆ ದಾಟಿದಾಗ ಅವಳ ಬಾಯಿಂದ ಮೊರೆ ಹೊರಟಿತು. ರಿಕ್ಷಾದವ ತಿರುಗಿ ನೋಡಿ, ಕಾರ್ಖಾನೆಯ ಕೆಲಸಗಾರರ ಬಸ್ಸದು ತಾಯಿ, ಎಂದ. ಇನ್ನು ತಡೆಯಲಾರದೆ ಅವಳು ಇಳಿದು, ಹಣ ಅವನ ಕೈಗೆ ತುರುಕಿ, ಅಗೆದ ಮಣ್ಣಿನ ಗುಡ್ಡೆಗಳ ನಡುವೆ ಓಡತೊಡಗಿದಳು. ಐವತ್ತರ ಹತ್ತಿರದ ಹೆಂಗಸು ಸೀರೆ ಎತ್ತಿ ಕಟ್ಟಿ ಹೆದ್ದಾರಿಯಲ್ಲಿ ಓಡುವುದನ್ನು ಜನ ನಿಂತು ನೋಡಿದರು. ನೋಡಲಿ.

ಚೌಕದ ಬಸ್ ಸ್ಟಾಪಿನಲ್ಲಿ ಎತ್ತರದ ಹುಡುಗನೊಬ್ಬ ದೊಡ್ಡ ಚೀಲ ಇಟ್ಟುಕೊಂಡು ನಿಂತಿದ್ದ. ಪಕ್ಕದಲ್ಲಿ ತಾಯಿ. ಇವನೇ ಅಮೇಯ ಎಂದು ಭೀಮವ್ವನಿಗೆ ತಿಳಿಯಿತು, ಕಾಲೇಜಿನ ಸಭೆಯಲ್ಲಿ ನೋಡಿದ ಮುಖ. ಅಂದರೆ ಬಸ್ಸು ಇನ್ನೂ ಬಂದಿಲ್ಲ. ಅವಳು ಕಂಬಕ್ಕೆ ಒರಗಿದಳು. ಅಷ್ಟರಲ್ಲೇ ಬಂತು.

ಬಾಗಿಲು ತೆರೆದು ಅವಧೂತ ಸರ್ ಇಳಿದರು. ಅಮೇಯನ ತಾಯಿ ಮುಂದೆ ಬಂದು ಒಂದು ಡಬ್ಬಿ ಚಾಚಿದಳು, ಡಿಂಕಿನ ಲಾಡು, ಅಂದರೆ ಅಂಟಿನ ಉಂಡೆ, ನಾಲ್ಕೇ ನಾಲ್ಕು, ದಾರಿಗೆ. ಸರ್ ನಕ್ಕು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಂತಿರುಗಿಸಿದರು. "ನೀವು ನನ್ನ ಕೈಗೆ ಕೊಟ್ಟಿರಿ, ಒಳ್ಳೆಯದಾಯಿತು ತಾಯಿ. ಅವನ ಚೀಲದಲ್ಲಿ ಮುಚ್ಚಿಟ್ಟಿದ್ದರೆ ಅವನನ್ನೂ ಡಬ್ಬಿಯ ಜೊತೆ ಇಲ್ಲೇ ಬಿಟ್ಟು ಹೋಗುತ್ತಿದ್ದೆ," ಎಂದು ಮರಾಠಿಯಲ್ಲಿ ಹೇಳಿದರು. ನಗುತ್ತಲೇ ಹೇಳಿದರು, ಆದರೆ ಕಣ್ಣು ನಗಲಿಲ್ಲ. ಭೀಮವ್ವನಿಗೆ ಉಳಿದಿದ್ದ ಅನುಮಾನವೂ ಹೋಯಿತು.

ಕಿಟಕಿಯಲ್ಲಿ ಸಪ್ನಾ ಕಂಡಳು. ತಾಯಿಯನ್ನು ನೋಡಿ ಅವಳ ಮುಖ ಬಿಳಿಚಿತು. ಭೀಮವ್ವನಿಗೆ ಓಡಿ ಬಂದ ಏದುಸಿರು, ಕೈ ತಾನಾಗಿಯೇ ಎದೆಯ ಮೇಲೆ ಹೋಗಿತ್ತು. ಮಗಳ ನೋಟ ಆ ಕೈಯ ಮೇಲೆ ಬಿದ್ದದ್ದು ಕಂಡು ಭೀಮವ್ವ ಅದನ್ನು ಸರಕ್ಕನೆ ಕೆಳಗಿಳಿಸಿದಳು. ತಡವಾಗಿತ್ತು.

"ಅವ್ವಾ, ಬ್ಯಾಡ," ಎಂದಳು ಸಪ್ನಾ ಕಿಟಕಿಯಿಂದ. "ನಿನ್ನ ಕಾಲಿಗೆ ಬೀಳ್ತೀನಿ, ಇಲ್ಲಿ ಬ್ಯಾಡ. ಇವರ ಮುಂದ ಬ್ಯಾಡ."

ಅವಧೂತ ಸರ್ ಹತ್ತಿರ ಬಂದರು. "ಕಾಯ ಝಾಲಂ, ತಾಈ?" ಏನಾಯಿತು ಎಂದು ಕೇಳಿದ ಆ ಧ್ವನಿಯಲ್ಲಿ ಮರುಕವಿತ್ತು. "ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ? ಸಪ್ನಾಳ ಚೀಲದಲ್ಲಿ ಏನಾದರೂ ತೊಂದರೆಯೇ? ಹೇಳಿ." ಸಿಟ್ಟಿನಿಂದ ಕೇಳಿದ್ದರೆ ಬೇಕಾದ್ದು ಹೇಳಬಹುದಿತ್ತು. ಈ ಮೆತ್ತನೆಯ ಮಾತಿಗೆ ಸತ್ಯ ಗಂಟಲ ತನಕ ಉಕ್ಕಿ ಬಂತು. ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಡ್ರೈವರ್ ಹಾರ್ನ್ ಒತ್ತಿದ. ಹಿಂದೆ ನಿಂತ ಟ್ರಕ್ಕಿನವನೂ ಒತ್ತಿದ. ಬಸ್ಸಿನೊಳಗಿನ ಮಕ್ಕಳೆಲ್ಲ ಈ ಬದಿಯ ಕಿಟಕಿಗೆ ಬಂದರು.

ಮಗಳಿಗೆ ಒಬ್ಬಳಿಗೇ ಕಿವಿಯಲ್ಲಿ ಹೇಳಬಹುದೇ? ಅದೂ ಆಗದು. ಸಪ್ನಾ ಅಪ್ಪನ ಮಗಳು. ಗೊತ್ತಾದರೆ ಮರುಕ್ಷಣ ತಾನೇ ಸರ್ ಮುಂದೆ ನಿಂತು ಒಪ್ಪಿಸಿಬಿಡುತ್ತಾಳೆ. ಅವಳನ್ನು ಸುಳ್ಳು ಹೇಳದಂತೆ ಬೆಳೆಸಿದ್ದಕ್ಕೆ ಭೀಮವ್ವ ಮೊದಲ ಸಲ ಪಶ್ಚಾತ್ತಾಪಪಟ್ಟಳು.

"ಏನೂ ಇಲ್ಲ ಸರ್," ಎಂದಳು ಮರಾಠಿಯಲ್ಲಿ. ಆಮೇಲೆ ಕಿಟಕಿಯ ಕಡೆ ತಿರುಗಿ, ಕನ್ನಡದಲ್ಲಿ, ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. "ಕೌದಿ ಕೊಡು."

"ಏನ?"

"ನನ್ನ ಕೌದಿ ನನಗ ಕೊಡು."

ಸಪ್ನಾಗೆ ಅರ್ಥವಾಗಲಿಲ್ಲ. ಕೌದಿ ಅವಳ ತೊಡೆಯ ಮೇಲೇ ಇತ್ತು, ಅದರ ಮೇಲೆ ಕೈ ಇಟ್ಟಳು. "ಹಿಂಗ್ಯಾಕ ಮಾಡ್ತಿ ಅವ್ವಾ? ಇದನ್ನ ನೀನ ಕೊಟ್ಟೀದಿ."

"ಕೊಟ್ಟಿದ್ದೆ. ಈಗ ಕೇಳಾಕ್ಹತ್ತೀನಿ. ನನ್ನ ಮದುವಿ ಸೀರಿ ಅದು. ನನ್ನ ಮಾತು ಮೀರಿ ಹೊಂಟಾಕಿಗೆ ಯಾಕ ಕೊಡ್ಲಿ? ಇಳಿಬ್ಯಾಡ ನೀ. ಹೋಗು ಎಲ್ಲಿ ಬೇಕಲ್ಲಿ. ಕೌದಿ ಕೊಟ್ಟು ಹೋಗು."

ಇಷ್ಟು ಕೆಟ್ಟ ಮಾತನ್ನು ಅವಳು ಶತ್ರುವಿಗೂ ಆಡಿರಲಿಲ್ಲ. ಆಡುತ್ತ ಆಡುತ್ತ ತನಗೇ ತನ್ನ ಧ್ವನಿ ಯಾರದೋ ಎನಿಸಿತು. ಮಗಳ ಕಣ್ಣು ತುಂಬಿ ಬಂದವು. ಅವಳು ಕೌದಿಯನ್ನು ಎದೆಗವಚಿಕೊಂಡು, ಸಣ್ಣ ಮಗುವಿನ ಹಾಗೆ ಅಂದಳು:

"ಇದೊಂದರ ಇರಲಿ ಬಿಡವ್ವಾ."

ಭೀಮವ್ವ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. "ಕೊಡು ಅಂದ್ರ ಕೊಡು."

ಸಪ್ನಾಳ ಮುಖ ಗಟ್ಟಿಯಾಯಿತು. ಕೌದಿಯನ್ನು ಮುದ್ದೆ ಮಾಡಿ ಕಿಟಕಿಯಿಂದ ಎಸೆದಳು. ಅದು ಭೀಮವ್ವನ ಮುಖಕ್ಕೆ ಬಡಿದು ತೋಳಿಗೆ ಬಿತ್ತು. "ತಗೋ. ಹೊದ್ಕೊಂಡು ಮಲಕೋ. ಇನ್ನ ನನಗ ಫೋನ್ ಮಾಡಬ್ಯಾಡ." ಕಿಟಕಿಯ ಗಾಜು ಸರಿಯಿತು. ಅವಧೂತ ಸರ್ ತಲೆ ಅಲ್ಲಾಡಿಸಿ, ಅಮೇಯನನ್ನು ಕರೆದುಕೊಂಡು ಬಸ್ ಹತ್ತಿದರು. ಅಮೇಯನ ತಾಯಿ ಲಾಡಿನ ಡಬ್ಬಿ ಹಿಡಿದುಕೊಂಡು, ಇಂಥ ತಾಯಿಯೂ ಇರುತ್ತಾಳೆಯೇ ಎಂಬಂತೆ ಎರಡು ಹೆಜ್ಜೆ ದೂರ ಸರಿದಳು.

ಭೀಮವ್ವನ ಬೆರಳು ಮೂಲೆ ಹುಡುಕಿದವು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ಆ ಚಪ್ಪಟೆ ಗಂಟು ಸಿಕ್ಕಿತು. ಬಸ್ಸು ಹೊರಟಿತು. ಕೂಗಬೇಕು ಎನಿಸಿತು. ಸಪ್ನಾ, ನಿನ್ನ ಸಲುವಾಗಿ ಮಗಳೇ, ಎಂದು ಒಂದೇ ಒಂದು ಸಲ. ಬಾಯಿ ತೆರೆದೂ ಇದ್ದಳು. ಆದರೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕೌದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಬಸ್ಸು ಮುಂಬೈ ದಾರಿಯಲ್ಲಿ ನಿಗಡಿಯ ಕಡೆ ಹೋಗಿ ಕಣ್ಮರೆಯಾಯಿತು.

ಲೋಕಲ್ ಇಳಿದು ಸ್ಟೇಷನ್ನಿನಿಂದ ಬಂದ ಶಿವರುದ್ರಪ್ಪ ಅವಳು ಅಲ್ಲೇ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತದ್ದನ್ನು ಕಂಡ. ಬಸ್ಸಿನಿಂದ ಮಗಳು ಫೋನ್ ಮಾಡಿ ಅತ್ತಿದ್ದಳು. ಅವನ ಮುಖ ಕೆಂಪಾಗಿತ್ತು.

"ಒಂದು ಹಳೆ ಅರಿವಿ ಸಲುವಾಗಿ ಪೋರಿನ್ನ ಅಳಿಸಿ ಕಳಿಸಿದ್ಯಲ್ಲ, ನೀ ತಾಯಿ ಏನು?"

ಭೀಮವ್ವ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ನಾಲ್ಕನೇ ಮೂಲೆಯ ಟಾಕು ಒಂದೊಂದಾಗಿ ಬಿಚ್ಚಿದಳು. ಅರಿವೆಯ ಚೀಲ ಹೊರಬಂತು. ಅದರ ಒಂದು ಬದಿಯ ಹೊಲಿಗೆ ಸಡಿಲಾಗಿತ್ತು. ಅಂಗೈಗೆ ಸುರಿದು ಗಂಡನಿಗೆ ತೋರಿಸಿದಳು, ಮಾಂತು ಹೇಳಿದ್ದನ್ನು ಹೇಳಿದಳು. ಕೇಳುತ್ತ ಕೇಳುತ್ತ ಶಿವರುದ್ರಪ್ಪ ಅವಳ ಪಕ್ಕಕ್ಕೆ ಕೂತುಬಿಟ್ಟ. ಕೂಡಲೇ ಜೇಬಿನಿಂದ ಫೋನ್ ತೆಗೆದ.

"ಹೇಳ್ತೀನಿ ಆಕಿಗೆ. ನಿನ್ನ ಬಗ್ಗೆ ಹಂಗ ತಿಳಕೊಂಡು ಹೋಗಬಾರ್ದು ಆಕಿ."

ಭೀಮವ್ವ ಅವನ ಮಣಿಕಟ್ಟು ಹಿಡಿದಳು. "ಬ್ಯಾಡ್ರಿ. ಹೇಳಿದ್ರ ಆಕಿ ಸುಮ್ನ ಇರಾಕಿ ಅಲ್ಲ, ಸರ್‌ಗೆ ಹೇಳಿಬಿಡ್ತಾಳ. ಊರು ಮುಟ್ಲಿ. ಅಲ್ಲೀತನ ನಾ ಕೆಟ್ಟಾಕಿ ಆಗೇ ಇರ್ತೀನಿ." ಸಡಿಲಾದ ಹೊಲಿಗೆಯನ್ನು ತೋರಿಸಿದಳು. "ಇದರಾಗಿಂದು ಕಾಳು ಸೋರಿ ಆಕಿ ಚೀಲದಾಗ ಬಿದ್ದಾವೇನು ಅಂತ ನೋಡ್ರಿ ನನಗ ಚಿಂತಿ. ಎಣಿಸಿ ಹಾಕಿದ್ದಲ್ಲ. ಎರಡು ಹಿಡಿ ಹಾಕಿದ್ದೆ."

ಕಸಕಸಿಯನ್ನು ಶಿವರುದ್ರಪ್ಪನೇ ಗಟಾರಕ್ಕೆ ಸುರಿದು, ಹೆಂಡತಿಯನ್ನು ಎಬ್ಬಿಸಿಕೊಂಡು ಮನೆಗೆ ಕರೆತಂದ. ಬಾಗಿಲು ಹಾರು ಹೊಡೆದಿತ್ತು. ಕದಿಯಲು ಮಾತ್ರ ಯಾರೂ ಬಂದಿರಲಿಲ್ಲ.

ಆ ದಿನ ಭೀಮವ್ವ ಮನೆಯ ಕಸ ಹೊಡೆಯಲಿಲ್ಲ. ಮರುದಿನವೂ ಇಲ್ಲ. ಮಗಳು ಗಲ್ಫು ದಾಟುವ ತನಕ ಕಸಬರಿಗೆ ಮುಟ್ಟುವುದಿಲ್ಲ ಎಂದು ಕೂತಳು. ನೆಲದ ತುಂಬ ಧೂಳು, ರೊಟ್ಟಿಯ ಹಿಟ್ಟು, ಹೊಲಿಗೆಯ ದಾರ. ಫೋನ್ ಸದ್ದು ಮಾಡಿದಾಗಲೆಲ್ಲ ಓಡಿ ಎತ್ತುತ್ತಿದ್ದಳು. ಒಮ್ಮೆ ಸಾಲ ಬೇಕೇ ಎಂದು ಕೇಳುವ ಹುಡುಗಿ, ಇನ್ನೊಮ್ಮೆ ಮಾಂತು. ಅವನೂ ಕೆಲಸ ಬಿಟ್ಟು ಅದನ್ನೇ ಕಾಯುತ್ತಿದ್ದ. ಗೊತ್ತಿಲ್ಲದ ದೇಶದಲ್ಲಿ ಯಾರೋ ಸಮವಸ್ತ್ರದವನು ತನ್ನ ಮಗಳ ಚೀಲವನ್ನು ಮೇಜಿನ ಮೇಲೆ ಸುರಿದು, ಸಾಸಿವೆಗಿಂತ ಸಣ್ಣ ಕಾಳೊಂದನ್ನು ಬೆರಳಿಗೆ ಅಂಟಿಸಿಕೊಂಡು ನೋಡುವುದು ಅವಳು ಕಣ್ಣು ಮುಚ್ಚಿದರೂ ಹೋಗಲಿಲ್ಲ. ತವರಿನ ಶಾಸ್ತ್ರ ನಾಲ್ಕು ಕಾಳು ಎಂದಿತ್ತು. ಮೊದಲು ಕೇಳಬೇಕು ಎಂದು ಮಗಳು ಹೇಳಿದ್ದಳು. ಎರಡನ್ನೂ ಬಿಟ್ಟು ತಾನು ತನಗೆ ತಿಳಿದದ್ದನ್ನು ಹಿಡಿ ಹಿಡಿಯಾಗಿ ಸುರಿದಿದ್ದಳು.

ಮೂರನೆಯ ದಿನ ಶಿವರುದ್ರಪ್ಪನ ಫೋನಿಗೆ ಎರಡೇ ಪದ ಬಂದವು. ಊರು ಮುಟ್ಟಿದ್ವಿ. ಭೀಮವ್ವ ಎದ್ದು ಮನೆಯೆಲ್ಲ ಗುಡಿಸಿದಳು. ಗುಡಿಸುತ್ತ ಅತ್ತಳು, ಅಳುತ್ತ ಮತ್ತೊಮ್ಮೆ ಗುಡಿಸಿದಳು.

ವಾರ ಕಳೆದ ಮೇಲೆ ಸಪ್ನಾ ಅಪ್ಪನಿಗೆ ಫೋನ್ ಮಾಡಿದಳು. ಅವನು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ಅಲ್ಲಿಯ ಹೆಂಗಸರನ್ನು ಕೂರಿಸಿ ಏನು ಬೇಕು ಎಂದು ಕೇಳಿದ್ದರಂತೆ. ತೊಟ್ಟಿ ಶಾಲೆಯ ಹಿಂದೆ ಬೇಡ, ದಾರಿಯ ಬದಿಗೆ ಬೇಕು, ಹೊಲದಿಂದ ಬರುವವರಿಗೂ ನೀರು ಸಿಗಲಿ ಎಂದರಂತೆ. ತಾವು ಪುಣೆಯಿಂದ ಬರೆದುಕೊಂಡು ಹೋದ ನಕ್ಷೆಯನ್ನೆಲ್ಲ ಬದಲು ಮಾಡಬೇಕಾಯಿತಂತೆ. ಮಾತಿನ ಕೊನೆಗೆ ಹೇಳಿದಳು.

"ಇಲ್ಲಿ ಭಾಳ ಥಂಡಿ ಅದರಿ ಅಪ್ಪಾ. ಅವ್ವಗ ಹೇಳ್ರಿ. ಆಕಿಗೆ ಸಂತೋಷ ಆಗತದ."

ಭೀಮವ್ವ ಫೋನ್ ಎತ್ತಿಕೊಂಡಳು. ಮುನ್ನುಡಿ ಹಾಕಲಿಲ್ಲ. "ಸಪ್ನಾ, ಕೌದಿ ಮೂಲ್ಯಾಗ ನಾ ಕಸಕಸಿ ಇಟ್ಟು ಹೊಲದಿದ್ದೆ. ಗಲ್ಫಿನಾಗ ಅದಕ್ಕ ಜೈಲಿಗೆ ಹಾಕತಾರಂತ ಮಾಂತು ಮಾಮಾ ಹೇಳಿದ. ಸರ್ ಮುಂದ ಅಂದಿದ್ರ ನಿನ್ನ ಇಳಸ್ತಿದ್ರು. ಅದಕ್ಕ ಹಂಗ ಮಾಡಿದೆ. ನಿನಗ ಬೇಕೋ ಬ್ಯಾಡೋ ಕೇಳದನ ಇಟ್ಟಿದ್ದೆ. ತಪ್ಪು ನಂದು."

ಆ ಕಡೆ ಎಲ್ಲೋ ಕೋಳಿ ಕೂಗಿದ್ದು, ಮಕ್ಕಳು ನಕ್ಕದ್ದು ಕೇಳಿಸಿತು. ಭೀಮವ್ವ ಗಂಡನ ಮುಖ ನೋಡಿದಳು.

"ನಾ ಇದನ್ನ ಸರ್‌ಗೆ ಹೇಳಬೇಕಾಗತದ ಅವ್ವಾ," ಎಂದಳು ಸಪ್ನಾ ಕೊನೆಗೆ.

"ಹೇಳು. ಈಗ ಎಲ್ಲಿ ಇಳಸ್ತಾರ ನಿನ್ನ?"

ಅತ್ತಳೋ ನಕ್ಕಳೋ, ಒಂದು ಸದ್ದು ಬಂತು. ಆಮೇಲೆ ಮೂಗು ಒರೆಸಿಕೊಂಡ ಸದ್ದು. "ಮೂಲಿ ಹಂಗ ಬಿಟ್ಟೀಯೇನು, ಬಿಚ್ಚಿದ್ದು?"

"ಹಂಗ ಅದ."

"ಹಂಗ ಬಿಡಬ್ಯಾಡ. ಜೋಳ ಹಾಕಿ ಹೊಲಿ. ಬಂದ ಮ್ಯಾಲೆ ನನಗ ಅದು ಬೇಕು."

ಫೋನ್ ಇಟ್ಟ ಮೇಲೆ ಭೀಮವ್ವ ಅಡುಗೆಮನೆಗೆ ಹೋಗಿ ಜೋಳದ ಡಬ್ಬಿಯ ಮುಚ್ಚಳ ತೆಗೆದಳು. ಕೈ ರೂಢಿಯಂತೆ ಹಿಡಿ ತುಂಬಿಕೊಂಡಿತು. ಅದನ್ನು ಮರಳಿ ಡಬ್ಬಿಗೆ ಸುರಿದು, ಎರಡು ಬೆರಳಲ್ಲಿ ನಾಲ್ಕು ಕಾಳು ಹೆಕ್ಕಿಕೊಂಡು, ಮುಚ್ಚಳ ಗಟ್ಟಿಯಾಗಿ ಹಾಕಿ, ಕೌದಿಯ ಹತ್ತಿರ ಬಂದು ಕೂತಳು.